ಬೋಳುಗುಡ್ಡದ ನೀಲಗಿರಿ

ಭೂಗೋಳದ ಟೀಚರು ಇಡೀ ಭೂಮಿಯನ್ನು ಆರು ಬಣ್ಣಗಳಲ್ಲಿ ಮುಗಿಸುತ್ತಿದ್ದರು. ತರಗತಿಯ ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಮಳೆಕಾಡು ಕಡುಹಸಿರು, ಎಲೆ ಉದುರುವ ಕಾಡು ತಿಳಿಹಸಿರು, ಚಳಿನಾಡಿನ ಸೂಜಿಯೆಲೆಯ ಕಾಡು ನೀಲಿ, ಮರುಭೂಮಿ ಕಂದು, ಹಿಮದ ಅಂಚಿನ ತುಂಡ್ರಾ ಬಿಳಿ. ಕೊನೆಗೆ ಉಳಿಯುತ್ತಿದ್ದದ್ದು ಹಳದಿ, ಅಂದರೆ ಹುಲ್ಲುಗಾವಲು. ಮಳೆಕಾಡಿಗೆ ಎರಡು ಪೀರಿಯಡ್ಡು ಹಿಡಿಯುತ್ತಿತ್ತು, ಮರುಭೂಮಿಗೆ ಒಂದು. ಹಳದಿಯ ಸರದಿ ಬರುವ ಹೊತ್ತಿಗೆ ಬೆಲ್ಲು ಹೊಡೆಯುವವನು ಎದ್ದು ನಿಂತಿರುತ್ತಿದ್ದ. "ಮಳೆ ಸಾಲದು, ಮರ ಬೆಳೆಯಲ್ಲ, ಬರೀ ಹುಲ್ಲು," ಎಂದು ಟೀಚರು ಒಂದೇ ಉಸಿರಿಗೆ ಹೇಳಿ ಬೆತ್ತವನ್ನು ಮೇಜಿನ ಮೇಲಿಡುತ್ತಿದ್ದರು.

ಇದಕ್ಕೆ ಅವರನ್ನು ದೂರಿ ಫಲವಿಲ್ಲ. ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ, ಅವರಿಗೆ ಕಲಿಸಿದವರು ಹೇಳಿದ್ದೂ ಅಷ್ಟೇ. ಮನುಷ್ಯ ಭೂಮಿಗೆ ಮಾಡಿದ್ದನ್ನು ಹೇಳುವಾಗ ಮಾತ್ರ ಟೀಚರಿಗೆ ಆವೇಶ ಬರುತ್ತಿತ್ತು. ಮರದ ದಿಮ್ಮಿಗಾಗಿ ಮಳೆಕಾಡನ್ನು ತಿಂದವರು, ಕಾಗದಕ್ಕಾಗಿ ನೀಲಿ ಕಾಡನ್ನು ಬೋಳಿಸಿದವರು, ಎಣ್ಣೆಗಾಗಿ ತುಂಡ್ರಾದ ಹೊಟ್ಟೆ ಬಗೆದವರು, ಎಲ್ಲರಿಗೂ ಅವರ ತರಗತಿಯಲ್ಲಿ ಮಂಗಳಾರತಿಯಾಗುತ್ತಿತ್ತು. ಹುಲ್ಲಿಗಾಗಿ ಮಾತ್ರ ಅವರು ಬೈದದ್ದಿಲ್ಲ. ಹುಲ್ಲಿಗಾಗಿ ಕಣ್ಣೀರು ಹಾಕಿದವರನ್ನು ಯಾರು ತಾನೇ ಕಂಡಿದ್ದಾರೆ?

ಊರು ಮುಗಿಯುವಲ್ಲಿ, ಲಾರಿ ಗ್ಯಾರೇಜುಗಳನ್ನು ದಾಟಿದರೆ, ಒಂದು ದೊಡ್ಡ ಗುಡ್ಡ ಇತ್ತು. ಅದರ ಮೈತುಂಬ ಹುಲ್ಲು. ಊರವರ ಕಣ್ಣಿಗೆ ಹುಲ್ಲು ಎಂದರೆ ಏನೂ ಇಲ್ಲ ಎಂದರ್ಥ, ಹಾಗಾಗಿ ಅದಕ್ಕೆ ಬೋಳುಗುಡ್ಡ ಎಂದೇ ಹೆಸರು. ಬೋಳುತಲೆಯವನನ್ನು ಕಂಡರೆ ಔಷಧಿ ಹೇಳದೆ ಬಿಡದವರು ಎಲ್ಲ ಊರಿನಲ್ಲೂ ಇರುತ್ತಾರಲ್ಲ, ಟೀಚರು ಆ ಗುಡ್ಡದ ವಿಷಯದಲ್ಲಿ ಅಂಥವರು. ಅದಕ್ಕೆ ಕೂದಲು ಬೆಳೆಸಿಯೇ ತೀರಬೇಕು ಎಂದು ಹಟ ತೊಟ್ಟರು. ಅರಣ್ಯ ಇಲಾಖೆಗೆ ಹೋಗಿ ಕೇಳಿದ್ದಕ್ಕೆ ಅಲ್ಲಿಯವರು ಸಂತೋಷದಿಂದ ಒಂದು ಲಾರಿ ನೀಲಗಿರಿ ಸಸಿ ಕಳಿಸಿದರು. ಏಳನೇ ತರಗತಿಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಟೀಚರು ಗುಡ್ಡ ಹತ್ತಿದರು.

ಆ ಸಾಲಿನಲ್ಲಿ ಅವರ ಮಗನೂ ಇದ್ದ. ಶಾಲೆಯಲ್ಲಿ ಅಮ್ಮನನ್ನು ಟೀಚರ್ ಎಂದು ಕರೆಯಬೇಕು, ಮನೆಯಲ್ಲಿ ಅಮ್ಮ ಎನ್ನಬೇಕು. ಈ ಕಟ್ಟಳೆಯನ್ನು ಅವನು ಬೇಕೆಂದೇ ತಿರುವುಮುರುವು ಮಾಡಿ, ಊಟಕ್ಕೆ ಕೂತಾಗ "ಟೀಚರ್, ಇನ್ನೊಂಚೂರು ಅನ್ನ" ಎಂದು ಕೈಯೆತ್ತಿ ಕೇಳಿ ಬೈಸಿಕೊಳ್ಳುತ್ತಿದ್ದ. ಅವತ್ತು ಎಲ್ಲರೂ ನೆಟ್ಟಗಿದ್ದ ಸಸಿಗಳಿಗೆ ಕಿತ್ತಾಡಿದರು. ಇವನು ಯಾರೂ ಮುಟ್ಟದ ಸೊಟ್ಟ ಸಸಿಯೊಂದನ್ನು ಎತ್ತಿಕೊಂಡ. ಹಾರೆ ಸಿಗಲಿಲ್ಲವೆಂದು ಬುತ್ತಿ ಡಬ್ಬಿಯ ಮುಚ್ಚಳದಿಂದಲೇ ಮಣ್ಣು ತೋಡಿದ. ಇನ್ನೂ ಶಾಲೆಗೆ ಸೇರದ ತಂಗಿ ಅವನ ಬಾಲದ ಹಾಗೆ ಬಂದಿದ್ದಳು. ಅವಳು ಮಗ್ಗಿನಲ್ಲಿ ನೀರು ತಂದು ಅರ್ಧ ತನ್ನ ಫ್ರಾಕಿಗೂ ಅರ್ಧ ಸಸಿಗೂ ಹಾಕಿದಳು.

ಅದೇ ಮಳೆಗಾಲ ಮುಗಿಯುವುದರೊಳಗೆ ಹುಡುಗ ಮೆದುಳು ಜ್ವರದಲ್ಲಿ ಹೋಗಿಬಿಟ್ಟ. ಸೋಮವಾರ ತಲೆನೋವು ಎಂದವನು ಶುಕ್ರವಾರ ಇರಲಿಲ್ಲ.

ಆಮೇಲೆ ಟೀಚರಿಗೆ ಹುಚ್ಚು ಹಿಡಿಯದೆ ಉಳಿದದ್ದು ಆ ಗುಡ್ಡದಿಂದ. ಒಂದು ಸಂಜೆ ಅವರು ಒಬ್ಬರೇ ಹತ್ತಿಹೋಗಿ ನೋಡಿದರೆ, ಹುಡುಗರು ಅರೆಮನಸ್ಸಿನಿಂದ ನೆಟ್ಟ ಸಸಿಗಳೆಲ್ಲ ಒಣಗಿ ಕಡ್ಡಿಯಾಗಿದ್ದವು. ಆ ಸೊಟ್ಟದ್ದೊಂದು ಮಾತ್ರ ಎರಡು ಹೊಸ ಎಲೆ ಬಿಟ್ಟು ನಿಂತಿತ್ತು. ಅಷ್ಟು ದೊಡ್ಡ ಗುಡ್ಡದಲ್ಲಿ ಒಂದೇ ಒಂದು. ಇದು ಹೀಗೆ ಒಂಟಿಯಾಗಿ ಇರಕೂಡದು ಎಂದು ಅವರ ತಾಯಿಕರುಳು ಹೇಳಿತು. ಮುಂದಿನ ಮಳೆಗಾಲ ಅದರ ಸುತ್ತ ಸಸಿ ನೆಡಿಸಿದರು, ಅದರ ಮುಂದಿನ ಮಳೆಗಾಲ ಆ ಸುತ್ತಿನ ಸುತ್ತ. ನಿವೃತ್ತಿಯಾಗುವವರೆಗೆ ಬಂದ ಪ್ರತಿ ಏಳನೇ ತರಗತಿಯೂ ಗುಡ್ಡ ಹತ್ತಿತು. ಮಕ್ಕಳು ಅವರಿಗೆ ಗಿಡದ ಟೀಚರು ಎಂದು ಹೆಸರಿಟ್ಟರು. ಬೋಳುಗುಡ್ಡ ತೋಪಾಯಿತು. ಊರಿನವರು ಹೊಗಳಿದರು, ಶಾಲು ಹೊದಿಸಿದರು, ಪತ್ರಿಕೆಯಲ್ಲಿ ಫೋಟೋ ಬಂತು. ಯಜಮಾನರು ಮಾತ್ರ ಮಗ ಹೋದಮೇಲೆ ಮಾತು ಕಡಿಮೆ ಮಾಡುತ್ತಾ ಬಂದು, ಒಂದು ದಿನ ಪೂರ್ತಿ ನಿಲ್ಲಿಸಿ ಮನೆ ಬಿಟ್ಟು ಹೊರಟುಹೋದರು. ಉಳಿದವರು ಟೀಚರು ಮತ್ತು ಮಗಳು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ.

ಮಗಳು ಓದಿ ಅರಣ್ಯ ಇಲಾಖೆಯಲ್ಲೇ ಕೆಲಸಕ್ಕೆ ಸೇರಿದಾಗ ಟೀಚರಿಗೆ ಆದ ಹಿಗ್ಗು ಹೇಳತೀರದು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಬಂದವರ ಮುಂದೆಲ್ಲ ಹೇಳಿಕೊಂಡರು. ಆ ಗಾದೆ ತಿರುಗಿ ತಮ್ಮ ಮೇಲೆಯೇ ಬೀಳುತ್ತದೆ ಎಂದು ಅವರಿಗೆ ಗೊತ್ತಾದದ್ದು ಬಟ್ಟೆ ಒಗೆಯುವಾಗ.

ಮಗಳ ಖಾಕಿ ಅಂಗಿಯ ತೋಳಿನ ಅಂಚಿನಲ್ಲಿ ಕಿತ್ತಳೆ ಬಣ್ಣ ಅಂಟಿತ್ತು. ಎಷ್ಟು ಸೋಪು ಉಜ್ಜಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಟೀಚರು ಒದ್ದೆ ಅಂಗಿಯನ್ನು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದರು. ಮಗಳು ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದಳು.

"ಚಿನ್ನಿ, ಇದೇನೇ ತೋಳಿಗೆ?"

"ಪೇಂಟು."

"ಪೇಂಟು ಅಂತ ನನಗೂ ಕಾಣುತ್ತೆ. ಕಡಿಯೋ ಮರಕ್ಕೆ ಹಚ್ಚೋ ಪೇಂಟಲ್ವಾ ಇದು? ಯಾವ ಮರ?"

ಮಗಳು ಕೈಯಲ್ಲಿದ್ದ ಬೀನ್ಸನ್ನು ಮುರಿದಳು. "ಗುಡ್ಡದ್ದು."

"ಗುಡ್ಡದ್ದು ಅಂದ್ರೆ? ಎಷ್ಟು?"

"ಎಲ್ಲ."

ಟೀಚರು ಅಂಗಿಯನ್ನು ಹಿಂಡಿದರು. ನೀರು ಅಡುಗೆಮನೆಯ ನೆಲಕ್ಕೇ ಬಿತ್ತು. ಹೀಗೆ ಅಡ್ಡಗೋಡೆ ಮೇಲೆ ದೀಪ ಇಡಬೇಡ, ಬಿಡಿಸಿ ಹೇಳು ಎಂದರು. ಮಗಳು ಬಿಡಿಸಿ ಹೇಳಿದಳು. ಎಷ್ಟೋ ದಿನದಿಂದ ಹೇಳಲು ಜಾಗ ಹುಡುಕುತ್ತಿದ್ದಳು ಎಂದು ಕಾಣುತ್ತದೆ, ಒಮ್ಮೆ ಬಾಯಿ ತೆರೆದಮೇಲೆ ಎಲ್ಲ ಬಂತು.

"ಆ ಗುಡ್ಡ ಯಾವತ್ತೂ ಬೋಳಾಗಿರ್ಲಿಲ್ಲಮ್ಮ. ಅದು ಹುಲ್ಲುಗಾವಲು. ಮಳೆಕಾಡು ಹೆಂಗೆ ಒಂದು ಜಗತ್ತೋ ಅದೂ ಹಂಗೇ ಒಂದು ಜಗತ್ತು. ನಾವು ನೀಲಗಿರಿ ಹಾಕಿದ ಮೇಲೆ ಹುಲ್ಲು ಸತ್ತೋಯ್ತು. ಕೆಳಗಿನ ಒರತೆ ಬತ್ತಿದ್ದು ನಿಂಗೇ ಗೊತ್ತಲ್ಲ. ನೆಲದ ಮೇಲೆ ಗೂಡು ಕಟ್ಟೋ ಹಕ್ಕಿ ಒಂದೂ ಇಲ್ಲ ಈಗ."

"ಕಾಡು ಕಡಿದು ಬೋಳಾಗಿದ್ದಲ್ವೇನೇ ಅದು?"

"ಅಲ್ಲಿ ಕಾಡೇ ಇರ್ಲಿಲ್ಲ. ಎಷ್ಟು ಸಾವಿರ ವರ್ಷ ಹಿಂದಕ್ಕೆ ಹೋದ್ರೂ ಹುಲ್ಲೇ."

"ಹಂಗಾದ್ರೆ ಲಾರೀಲಿ ಸಸಿ ತಂದು ಕೊಟ್ಟೋರು ಯಾರು? ನಿಮ್ಮ ಇಲಾಖೆಯೋರೇ ತಾನೆ?"

"ಹೂಂ. ನಾವೇ. ನಮಗೂ ಗೊತ್ತಿರ್ಲಿಲ್ಲ."

ಜಗಳಕ್ಕೆ ನಿಂತವರು ಹೀಗೆ ಸುಲಭವಾಗಿ ತಪ್ಪೊಪ್ಪಿಕೊಂಡರೆ ಎದುರಿನವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಟೀಚರು ಅಂಗಿಯನ್ನು ಕೊಡವಿ ಬಾಗಿಲಿನ ಮೇಲೆ ಹರವಿದರು. ನಾಲಿಗೆಯ ತುದಿಯಲ್ಲಿದ್ದ ಒಂದೇ ಪ್ರಶ್ನೆಯನ್ನು ಕೇಳಲು ಅವರಿಗೆ ಧೈರ್ಯ ಸಾಲದಾಗಿತ್ತು.

"ಅವನ ಮರ?"

"ಅಣ್ಣನ ಮರಕ್ಕೆ ಕೈ ಹಾಕಲ್ಲ," ಮಗಳು ತಟ್ಟನೆ ಹೇಳಿದಳು. "ಅದಕ್ಕೆ ಬಿಳಿ ಗುರುತು ಹಾಕಿದೀನಿ. ಸಾಹೇಬ್ರ ಹತ್ರ ಜಗಳ ಆಡಿ ಉಳಿಸ್ಕೊಂಡಿದೀನಿ."

ಮರ ಕಡಿಯುವ ಕೆಲಸ ಬೇಸಿಗೆ ಪೂರ್ತಿ ನಡೆಯಿತು. ದಿಮ್ಮಿ ತುಂಬಿದ ಲಾರಿಗಳು ಸೈಕಲ್ ಅಂಗಡಿಯ ಮುಂದೆಯೇ ಹೋಗಬೇಕು, ಬೇರೆ ದಾರಿ ಇರಲಿಲ್ಲ. ಪ್ರತಿ ಲಾರಿಗೂ ಮನೆಯ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಟೀಚರು ಕಿಟಕಿ ಮುಚ್ಚಿದರು, ನೀಲಗಿರಿಯ ವಾಸನೆ ಬಾಗಿಲ ಸಂದಿಯಿಂದ ಬಂತು. ಹಳೆಯ ವಿದ್ಯಾರ್ಥಿಗಳು, ಈಗ ಮಕ್ಕಳೊಂದಿಗರಾದವರು, ಸಾವಿನ ಮನೆಗೆ ಬಂದವರ ಹಾಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತು ಹೋದರು. ಒಬ್ಬ ಮಾತ್ರ ಉರಿಯುವ ಗಾಯಕ್ಕೆ ಉಪ್ಪು ಸವರಿದ.

"ನಿಮ್ಮ ಮಗಳೇ ನಿಂತು ಕಡಿಸ್ತಿದಾಳಂತಲ್ಲ ಟೀಚರ್."

"ಅವಳ ಕೆಲಸ ಅದು. ಅವಳು ಮಾಡ್ತಾಳೆ. ನೀನು ನಿನ್ನ ಕೆಲಸ ನೋಡ್ಕೋ ಹೋಗು," ಎಂದು ಟೀಚರು ಅವನನ್ನು ಮತ್ತೆ ಏಳನೇ ತರಗತಿಯ ಹುಡುಗನನ್ನಾಗಿ ಮಾಡಿ ಕಳಿಸಿದರು.

ಹೊರಗಿನವರ ಮುಂದೆ ಬಿಟ್ಟುಕೊಡಲಿಲ್ಲವೆಂದ ಮಾತ್ರಕ್ಕೆ ಒಳಗೆ ಕ್ಷಮಿಸಿದ್ದರು ಎಂದಲ್ಲ. ಮನೆಯಲ್ಲಿ ತಾಯಿ ಮಗಳ ಮಾತು ಉಪ್ಪು, ಕೊಡೆ, ಬಾಗಿಲ ಚಿಲಕಕ್ಕೆ ನಿಂತುಹೋಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಟೀಚರು ಎಷ್ಟು ಮಕ್ಕಳ ತಂದೆತಾಯಿಗೆ ಹೇಳಿದ್ದರೋ ಲೆಕ್ಕವಿಲ್ಲ, ತಮಗೆ ಹೇಳಿಕೊಂಡವರಲ್ಲ. ಮಗಳು ರಾತ್ರಿ ಬಂದು ತಾನೇ ಬಡಿಸಿಕೊಂಡು ತಿಂದು, ಅಮ್ಮನ ತಟ್ಟೆಯನ್ನೂ ತೊಳೆದಿಟ್ಟು ಮಲಗುತ್ತಿದ್ದಳು.

ಎಲ್ಲ ಮುಗಿದ ಮೇಲೆ ಟೀಚರು ಮೊದಲ ಸಲ ಗುಡ್ಡ ಹತ್ತಿದರು. ಎಲ್ಲೆಲ್ಲೂ ಬೊಡ್ಡೆಗಳು. ಅವುಗಳ ನಡುವೆ ಆ ಮರ, ಸೊಟ್ಟ ಬುಡದ ಮೇಲೆ ಎತ್ತರಕ್ಕೆ ಬೆಳೆದದ್ದು, ತೊಗಟೆ ಪಟ್ಟೆಪಟ್ಟೆಯಾಗಿ ಸುಲಿದದ್ದು. ಅದರ ಬುಡದಲ್ಲಿ ಕೂತು ಬೆನ್ನು ಆನಿಸಿದರು. ಇಷ್ಟು ವರ್ಷ ಯಾರಿಗೂ ಕಾಣದಂತೆ ಅದನ್ನು ನಡುವೆ ಬಚ್ಚಿಟ್ಟಿದ್ದರು, ಈಗ ಅದು ಊರಿಗೆಲ್ಲ ಕಾಣುತ್ತಿತ್ತು. ಮನಸಾರೆ ಅತ್ತು ಇಳಿದುಬಂದರು.

ಆಮೇಲೆ ಮಳೆ ಬಂತು. ಒಂದು ಮಳೆಗಾಲ ಹೋಗಿ ಇನ್ನೊಂದು ಬರುವಷ್ಟರಲ್ಲಿ ಹುಲ್ಲು ಬೊಡ್ಡೆಗಳನ್ನು ಮುಚ್ಚಿತು. ಯಾರೂ ನೆಡಲಿಲ್ಲ, ಯಾರೂ ನೀರು ಹಾಕಲಿಲ್ಲ. ಇಷ್ಟು ವರ್ಷ ಮಣ್ಣಿನಲ್ಲಿ ಬೇರು ಹಿಡಿದುಕೊಂಡು ಕಾದಿತ್ತು ಎಂದು ಮಗಳು ಹೇಳಿದಳು. ಟೀಚರು ವಾರಕ್ಕೆರಡು ಸಲ ಮಗನ ಮರದ ಬುಡದಲ್ಲಿ ಕೂರಲು ಹೋಗುತ್ತಿದ್ದರು, ಬೇರೆ ನೋಡಲು ಏನೂ ಇಲ್ಲದ್ದರಿಂದ ಹುಲ್ಲನ್ನೇ ನೋಡಿದರು. ನೋಡಿದಷ್ಟೂ ಅವರಿಗೆ ಇರುಸುಮುರುಸಾಯಿತು. ಒಂದೇ ಹುಲ್ಲಲ್ಲ ಅದು. ನವಿರಾದದ್ದು, ಒರಟಾದದ್ದು, ತೆನೆ ಬಗ್ಗಿದ್ದು, ಗಾಳಿ ಬೀಸಿದರೆ ಕೆನ್ನೇರಳೆಯಾಗಿ ಹೊಳೆಯುವುದು. ಅದರೊಳಗೆ ಉಗುರಿನಷ್ಟು ನೀಲಿ ಹೂ. ಇದನ್ನೆಲ್ಲ ತಾನು ಹಳದಿ ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಕೆಳಗಿನ ಒರತೆಯಲ್ಲಿ ತೇವ ಕಾಣಿಸಿತು, ಆಮೇಲೆ ನೀರು.

ಒಂದು ಬೆಳಿಗ್ಗೆ ಮಣ್ಣಿನ ಬಣ್ಣದ ಪುಟ್ಟ ಹಕ್ಕಿಯೊಂದು ಅವರ ಕಾಲ ಬಳಿಯಿಂದ ನೆಟ್ಟಗೆ ಮೇಲಕ್ಕೆದ್ದಿತು. ಏರುತ್ತಾ ಏರುತ್ತಾ ಹಾಡಿತು, ಚುಕ್ಕೆಯಾಗಿ ಕಾಣದಾದ ಮೇಲೂ ಹಾಡು ಕೇಳುತ್ತಿತ್ತು. ಟೀಚರು ಅಂದು ಮನೆಗೆ ಬಂದು, ವರ್ಷ ಕಳೆದ ಮೇಲೆ, ಉಪ್ಪಿಗೂ ಚಿಲಕಕ್ಕೂ ಸಂಬಂಧವಿಲ್ಲದ ಮಾತೊಂದನ್ನು ಮಗಳಿಗೆ ಆಡಿದರು.

"ಅದ್ಯಾವ ಹಕ್ಕಿನೇ, ಹಾರ್ತಾ ಹಾಡೋದು?"

"ನೆಲಗುಬ್ಬಿ," ಎಂದಳು ಮಗಳು. ಅವಳ ಮುಖ ಅರಳಿತು. "ಎಲ್ಲಿ ನೋಡ್ದೆ? ಯಾವ ಕಡೆ?"

ಮರುದಿನ ಮಗಳು ರಜೆ ಹಾಕಿ ಅಮ್ಮನ ಜೊತೆ ಹೋದಳು. ಹೊಟ್ಟೆಯ ಮೇಲೆ ಮಲಗಿ ತೆವಳಿ ಹುಲ್ಲಿನ ಬುಡವನ್ನು ಎರಡು ಬೆರಳಲ್ಲಿ ಸರಿಸಿ ತೋರಿಸಿದಳು. ಬಟ್ಟಲಿನಷ್ಟು ಗುಂಡಿ, ಅದರಲ್ಲಿ ಮಚ್ಚೆ ಮಚ್ಚೆಯ ಮೂರು ಮೊಟ್ಟೆ. ಮೊಣಕಾಲು ನೋವಿನ ಟೀಚರೂ ಹುಲ್ಲಿನ ಮೇಲೆ ಮಲಗಿ ನೋಡಿದರು. ಏಳುವಾಗ ಮಗಳು ಕೈ ಕೊಟ್ಟಳು, ಟೀಚರು ಎದ್ದ ಮೇಲೂ ಆ ಕೈ ಬಿಡಲಿಲ್ಲ. ಇಬ್ಬರೂ ಮರದ ಬುಡದಲ್ಲಿ ಕೂತು ತಂದ ರೊಟ್ಟಿ ತಿಂದರು. ಮಗ ಇದ್ದಿದ್ದರೆ ಕೈಯೆತ್ತಿ ಇನ್ನೊಂದು ಕೇಳುತ್ತಿದ್ದ ಎಂದು ಟೀಚರು ಹೇಳಿ, ಬಹಳ ವರ್ಷಗಳ ಮೇಲೆ ಅದಕ್ಕೆ ನಕ್ಕರು. ಎಲ್ಲವೂ ಉಳಿದುಕೊಂಡಿತು ಎಂದು ಅವರಿಗೆ ಅಂದು ಅನ್ನಿಸಿತು, ಹುಲ್ಲೂ, ಮಗಳೂ, ಮಗನ ಮರವೂ.

ಮೊಟ್ಟೆಯೊಡೆದು ಮರಿ ಹೊರಬಂದ ವಾರ ಟೀಚರು ದಿನವೂ ಹೋದರು, ದೂರದಲ್ಲಿ ಕೂತು ಮಗಳ ದುರ್ಬೀನಿನಲ್ಲಿ ನೋಡಿದರು. ತಾಯಿಹಕ್ಕಿ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಬಂದು, ಗೂಡಿನಿಂದ ದೂರದಲ್ಲಿಳಿದು, ಹುಲ್ಲಿನೊಳಗೆ ನಡೆದುಕೊಂಡು ಹೋಗುತ್ತಿತ್ತು. ಯಾರಿಗೂ ಜಾಡು ಗೊತ್ತಾಗಬಾರದೆಂಬ ಉಪಾಯ ಅದು. ಆದರೆ ಆ ಉಪಾಯವೆಲ್ಲ ನೆಲದ ಮೇಲಿಂದ ನೋಡುವವರಿಗೆ. ಟೀಚರ ತಲೆಯ ಮೇಲೆ, ಮಗನ ಮರದ ತುದಿಯ ಕೊಂಬೆಯಲ್ಲಿ, ಒಂದು ಕಾಗೆ ಕೂತಿತ್ತು. ಅದಕ್ಕೆ ಇಡೀ ಇಳಿಜಾರು ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಅದು ಅವಸರಪಡಲಿಲ್ಲ. ತಾಯಿಹಕ್ಕಿ ಇನ್ನೊಂದು ಹುಳುವಿಗೆ ಹೋಗುವವರೆಗೆ ಕಾದು, ರೆಕ್ಕೆ ಬಿಚ್ಚಿ, ನೇರ ಗೂಡಿನ ಮೇಲೆ ಇಳಿಯಿತು.

ಟೀಚರು ಚಪ್ಪಲಿ ಎಸೆದರು, ಕೂಗಿಕೊಂಡು ಓಡಿದರು, ಎಡವಿ ಬಿದ್ದರು. ಎದ್ದು ಹೋಗುವಷ್ಟರಲ್ಲಿ ಗೂಡು ಬರಿದಾಗಿತ್ತು.

ಸಂಜೆ ಮಗಳು ಅಮ್ಮನ ಮೊಣಕೈಗೆ ಮುಲಾಮು ಹಚ್ಚುತ್ತಿದ್ದಳು. ಏನೂ ಕೇಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಪಾಠ ಮಾಡಿದವರಿಗೆ ಅಷ್ಟು ಸಾಕಾಯಿತು.

"ಚಿನ್ನಿ, ಇದು ಮೊದಲನೇ ಗೂಡಲ್ಲ ಅಲ್ವಾ?"

ಮಗಳು ಮುಲಾಮಿನ ಮುಚ್ಚಳ ತಿರುಗಿಸಿದಳು. "ಅಲ್ಲ. ಗುಡ್ಡದ ಆ ಮಗ್ಗುಲಲ್ಲಿ ಮರಿ ಉಳೀತಾವೆ. ಈ ಮಗ್ಗುಲಲ್ಲಿ ಒಂದೂ ಉಳಿದಿಲ್ಲ. ಸುತ್ತ ಎಲ್ಲ ಹುಲ್ಲು, ಕಾಗೆ ಹದ್ದಿಗೆ ಕೂರೋಕೆ ಅಂತ ಇರೋದು ಅದೊಂದೇ ಜಾಗ."

"ನಿನಗೆ ಮೊದಲೇ ಗೊತ್ತಿತ್ತಾ?"

"ಸಾಹೇಬ್ರು ಕಡಿಯೋ ಮುಂಚೇನೇ ಹೇಳಿದ್ರು. ಒಂದು ಬಿಟ್ರೂ ಹಿಂಗೇ ಆಗುತ್ತೆ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಮ್ಮ? ಅಣ್ಣನ ಮರದಿಂದ ಮರಿಗಳು ಸಾಯ್ತಿವೆ ಅಂತ ಹೇಳ್ಲಾ?"

ಟೀಚರು ಅಷ್ಟಕ್ಕೆ ಸೋಲುವ ಪೈಕಿಯಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟರು. ಬೆಳಗಾದರೆ ಒಂದು ತಗಡಿನ ಡಬ್ಬ, ಒಂದು ಕೋಲು, ನೀರಿನ ಬಾಟಲಿ ಹಿಡಿದು ಗುಡ್ಡದಲ್ಲಿ ಹಾಜರು. ಕಾಗೆ ಕೂತರೆ ಡಬ್ಬ ಬಡಿಯುವುದು, ಹದ್ದು ಸುಳಿದರೆ ಕೂಗುವುದು. ಗ್ಯಾರೇಜಿನ ಹುಡುಗರು ಗಿಡದ ಟೀಚರು ಈಗ ಕಾಗೆ ಟೀಚರಾದರು ಎಂದು ನಕ್ಕರು. ಟೀಚರು ಕೇಳಿಸಿಕೊಂಡು ಕೇಳಿಸದ ಹಾಗೆ ನಡೆದರು. ನೆಲಗುಬ್ಬಿ ಇನ್ನೊಮ್ಮೆ ಗೂಡು ಕಟ್ಟಿತು, ಮೊಟ್ಟೆಯಿಟ್ಟಿತು, ಮರಿಯಾಯಿತು. ಕಾಗೆಗೆ ಬೇರೆ ಕೆಲಸವಿಲ್ಲ, ಟೀಚರಿಗೆ ಮನೆ ಇತ್ತು, ಮೊಣಕಾಲು ಇತ್ತು. ಒಂದು ದಿನ ಅವರು ತಲುಪುವುದರೊಳಗೆ ಎಲ್ಲ ಮುಗಿದಿತ್ತು.

ತಾಯಿಹಕ್ಕಿ ಮಾತ್ರ ಇನ್ನೂ ಹುಳು ತರುತ್ತಿತ್ತು. ದೂರದಲ್ಲಿಳಿದು, ಹುಲ್ಲಿನೊಳಗೆ ನಡೆದು, ಬರಿದಾದ ಬಟ್ಟಲಿನ ಅಂಚಿನಲ್ಲಿ ನಿಂತು, ಕೊಕ್ಕಿನಲ್ಲಿ ಹುಳು ಹಿಡಿದುಕೊಂಡೇ ಇರುತ್ತಿತ್ತು. ಎಗರಿ ಹೋಗಿ ಮತ್ತೊಂದು ತರುತ್ತಿತ್ತು. ಟೀಚರು ದುರ್ಬೀನು ಕೆಳಗಿಟ್ಟರು. ಮಗ ಹೋದ ಮೇಲೆ ಶಾಲೆ ಮತ್ತೆ ಶುರುವಾದ ದಿನ ಅವರು ಬೆಳಿಗ್ಗೆ ಎದ್ದು, ಎರಡು ಬುತ್ತಿ ಕಟ್ಟಿ, ಒಂದರ ಮುಚ್ಚಳ ಸಿಗದೆ ಮನೆಯೆಲ್ಲ ಹುಡುಕಿದ್ದರು. ಯಜಮಾನರು ಬಂದು ಕೈಯಿಂದ ಡಬ್ಬಿ ತೆಗೆದುಕೊಳ್ಳುವವರೆಗೂ ಅವರಿಗೆ ಏನು ಮಾಡುತ್ತಿದ್ದೇನೆಂದು ತಿಳಿದಿರಲಿಲ್ಲ. ಈ ಪುಟ್ಟ ಜೀವದ ಕೊಕ್ಕಿನಿಂದ ಹುಳುವನ್ನು ತೆಗೆದುಕೊಳ್ಳಲು ಯಾರೂ ಇರಲಿಲ್ಲ.

ಅಂದು ಮಧ್ಯಾಹ್ನವೇ ಅವರು ಮಗಳ ಕಚೇರಿಗೆ ಹೋದರು. ಮೇಜಿನ ಮುಂದೆ ಕೂರದೆ ನಿಂತೇ ಹೇಳಿದರು. "ಆ ಮರ ಕಡಿಸು."

ಮಗಳು ಸುತ್ತ ನೋಡಿ, ಅವರನ್ನು ತೋಳು ಹಿಡಿದು ಹಿಂದಿನ ವರಾಂಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಪೇಂಟಿನ ಡಬ್ಬಗಳು, ಹಗ್ಗದ ಸುರುಳಿಗಳು, ಸವೆದ ಗಮ್‌ಬೂಟುಗಳು.

"ಆಗಲ್ಲ," ಎಂದಳು ಮಗಳು.

"ನಾನೇ ಹೇಳ್ತಿದೀನಲ್ಲೇ."

"ನೀನು ಹೇಳ್ಬೋದು. ನನ್ನ ಕೈಲಾಗಲ್ಲ." ಅವಳು ಹಗ್ಗದ ಸುರುಳಿಯೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ನಿನಗೆ ಅವನು ಹದಿಮೂರು ವರ್ಷ ಇದ್ನಮ್ಮ. ಅವನ ದನಿ ಗೊತ್ತು, ಅವನ ಬಟ್ಟೆ ವಾಸನೆ ಗೊತ್ತು. ನನಗೇನಿದೆ? ಮುಖ ಫೋಟೋದಲ್ಲಿ ನೋಡಿದ್ದು, ಮಾತು ನೀನು ಹೇಳಿದ್ದು. ಆ ಸಸಿಗೆ ಮಗ್ಗಿನಲ್ಲಿ ನೀರು ಹಾಕಿದ್ದು, ಅವನು ಸಾಕು ಸಾಕು ಅಂತ ನನ್ನ ಕೈ ಹಿಡ್ಕೊಂಡಿದ್ದು, ಅದೊಂದೇ ನನ್ನ ಸ್ವಂತದ್ದು. ಬಿಳಿ ಗುರುತು ನಿನಗೋಸ್ಕರ ಹಾಕ್ದೆ ಅಂದ್ಕೊಂಡ್ಯಾ? ನನಗೋಸ್ಕರ ಹಾಕ್ಕೊಂಡೆ."

ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಈ ಹುಡುಗಿಯೂ ಒಬ್ಬ ಅಣ್ಣನನ್ನು ಕಳೆದುಕೊಂಡವಳು ಎಂದು ಟೀಚರು ಒಂದು ದಿನವೂ ಯೋಚಿಸಿರಲಿಲ್ಲ. ದುಃಖವೆಲ್ಲ ತಮ್ಮ ಪಾಲಿನದೇ ಎಂದು ಅದರ ಸುತ್ತ ಸಸಿ ನೆಡಿಸುತ್ತಾ ಹೋಗಿದ್ದರು. ಮಗಳ ತಲೆಯನ್ನು ಹೆಗಲಿಗೆ ಒತ್ತಿಕೊಂಡರು. ಬಾಗಿಲಿಗೆ ಬಂದ ಗುಮಾಸ್ತ ಬಂದ ಹಾಗೆಯೇ ಹಿಂದಕ್ಕೆ ಹೋದ.

"ನೀನು ಹಚ್ಚಬೇಡ," ಎಂದರು ಟೀಚರು ಕೊನೆಗೆ. "ಪೇಂಟು ನನಗೆ ಕೊಡು."

ಕಿತ್ತಳೆ ಬಣ್ಣವನ್ನು ಅವರೇ ಹಚ್ಚಿದರು. ಬಿಳಿ ಗುರುತಿನ ಮೇಲೆಯೇ ಬ್ರಷ್ಷು ಎಳೆದರು, ಗೆರೆ ಅಂಕುಡೊಂಕಾಯಿತು. ಮರ ಕಡಿಯುವವನು ಗರಗಸದ ಯಂತ್ರ ಹೊತ್ತು ಬಂದ, ಅಮ್ಮ ಸ್ವಲ್ಪ ದೂರ ನಿಲ್ಲಿ ಎಂದ. ಮಗಳೂ ಬಂದಿದ್ದಳು, ಆದರೆ ಬೆನ್ನು ತಿರುಗಿಸಿ ಊರಿನ ಕಡೆ ನೋಡುತ್ತಾ ನಿಂತಳು. ಅಷ್ಟು ವರ್ಷ ಬೆಳೆದ ಮರ ಬೀಳಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಬಿದ್ದ ಸದ್ದಿಗೆ ಹುಲ್ಲಿನಿಂದ ಹಕ್ಕಿಗಳು ಎದ್ದು, ಸುತ್ತಿ, ಮತ್ತೆ ಕೂತವು. ಟೀಚರು ಅಳಲಿಲ್ಲ. ಒಂದೇ ಸಲದಲ್ಲಿ ಮುಗಿಯಿತಲ್ಲ, ಇನ್ನು ನೋಡಬೇಕಾದ್ದೇನೂ ಇಲ್ಲ ಎಂದುಕೊಂಡರು.

ನೀಲಗಿರಿಯ ಗುಣ ಗೊತ್ತಿದ್ದವರು ಹಾಗೆ ಅಂದುಕೊಳ್ಳುವುದಿಲ್ಲ. ಅದನ್ನು ಬುಡಕ್ಕೆ ಕಡಿದರೂ ಸಾಯುವುದಿಲ್ಲ, ಬೊಡ್ಡೆ ಮತ್ತೆ ಚಿಗುರುತ್ತದೆ. ಬೇರಿನ ಕಸುವು ಪೂರ್ತಿ ಆರುವವರೆಗೆ ಬಂದ ಚಿಗುರನ್ನು ಬಂದ ಹಾಗೆಯೇ ಮುರಿಯುತ್ತಿರಬೇಕು, ವರ್ಷಗಟ್ಟಲೆ. ಬೇರೆ ಬೊಡ್ಡೆಗಳಿಗೆಲ್ಲ ಇಲಾಖೆಯ ಆಳುಗಳು ಕುಡುಗೋಲು ಹಿಡಿದು ಓಡಾಡಿ ಆ ಕೆಲಸ ಮಾಡುತ್ತಿದ್ದರು. ಈ ಬೊಡ್ಡೆಯ ಸುತ್ತ ಮೊದಲ ಮಳೆಗೆ ಕೆಂಪು ಚಿಗುರು ಗೊಂಚಲಾಗಿ ಬಂದಾಗ ಮಗಳು ಬಹಳ ಹೊತ್ತು ತಡವರಿಸಿ ಅಮ್ಮನಿಗೆ ವಿಷಯ ಹೇಳಿದಳು.

"ಆಳಿಗೆ ಹೇಳ್ತೀನಿ. ನೀನು ಆ ಕಡೆ ಬರಬೇಡ."

"ಬೇಡ," ಎಂದರು ಟೀಚರು. "ಬೇರೆ ಯಾರೂ ಅದನ್ನ ಮುಟ್ಟೋದು ಬೇಡ."

ಅವರು ಹೋಗಿ ಮುರಿದರು. ಮತ್ತೆ ಬಂತು, ಮತ್ತೆ ಮುರಿದರು. ಪ್ರತಿ ಸಲವೂ ಅದು ಮೊದಲಿನಷ್ಟೇ ಎಳೆಯದಾಗಿ, ಮೊದಲಿನಷ್ಟೇ ನಂಬಿಕೆಯಿಂದ ಬರುತ್ತಿತ್ತು. ಮಗ ಹೋದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ, ವೈದ್ಯರು ಹೇಳಿದರು, ಅವರು ಕೇಳಿದರು. ಈಗ ಎಲ್ಲವನ್ನೂ ಅವರ ಕೈಯೇ ಮಾಡಬೇಕಾಗಿತ್ತು. ಮನೆಗೆ ಬಂದು ಎಷ್ಟು ತೊಳೆದರೂ ಬೆರಳಿನ ವಾಸನೆ ಹೋಗುತ್ತಿರಲಿಲ್ಲ. ಮಗಳು ಕೇಳಿದಳು, "ಇನ್ನೂ ಎಷ್ಟು ದಿನ ಅಮ್ಮ?" ಟೀಚರು ಹೇಳಿದರು, "ಅದು ಬಿಡೋವರೆಗೂ."

ಆ ವರ್ಷ ಗುಡ್ಡದ ಈ ಮಗ್ಗುಲಲ್ಲೂ ನೆಲಗುಬ್ಬಿಯ ಮರಿಗಳು ರೆಕ್ಕೆ ಬಲಿತು ಹಾರಿದವು. ಮಗಳು ಓಡಿಬಂದು ಸುದ್ದಿ ಹೇಳಿದಾಗ ಟೀಚರಿಗೆ ನಿಜವಾಗಿಯೂ ಸಂತೋಷವಾಯಿತು. ಆ ಸಂತೋಷದಲ್ಲೇ ಮರುದಿನ ಗುಡ್ಡ ಹತ್ತಿದರು. ಬೊಡ್ಡೆ ಈ ಸಲ ಸೋತಿತ್ತು, ಅಲ್ಲೊಂದು ಇಲ್ಲೊಂದು ಬಡಕಲು ಚಿಗುರು. ಕೂತು ಒಂದೊಂದಾಗಿ ಮುರಿದರು. ಹಿಂದಿನ ಮಗ್ಗುಲಲ್ಲಿ, ತೊಗಟೆಯ ಸೀಳಿನೊಳಗಿಂದ, ಕಿರುಬೆರಳಷ್ಟು ಉದ್ದದ ಒಂದು ಚಿಗುರು ಇತ್ತು, ಎರಡೇ ಎಲೆಯದ್ದು. ಅದನ್ನು ಬಿಟ್ಟರು. ಹುಲ್ಲಿನ ಎತ್ತರಕ್ಕೂ ಬರದ ಅದರ ಮೇಲೆ ಯಾವ ಕಾಗೆಯೂ ಕೂರಲಾರದು, ಯಾರಿಗೂ ಕಾಣದು, ಇಷ್ಟು ದೊಡ್ಡ ಗುಡ್ಡಕ್ಕೆ ಇದೊಂದು ಭಾರವೇ ಎಂದುಕೊಂಡು ಎದ್ದು, ಸೀರೆ ಕೊಡವಿ, ಇಳಿಯತೊಡಗಿದರು.

ಗ್ಯಾರೇಜುಗಳ ಹತ್ತಿರದವರೆಗೆ ಬಂದರು. ಅಲ್ಲಿ ನಿಂತರು. ಮೊಣಕಾಲಿನ ಮೇಲೆ ಕೈಯೂರಿಕೊಂಡು ಮತ್ತೆ ಹತ್ತಿದರು. ಬೊಡ್ಡೆಯ ಹಿಂದೆ ಕೂತು ಆ ಎರಡು ಎಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಆಮೇಲೆ ಅದನ್ನು ಬುಡದಲ್ಲಿ ಹಿಡಿದು ಮುರಿದರು, ಮುರಿದದ್ದನ್ನು ಕೆಳಗೆ ಹಾಕಲಾರದೆ ಮುಷ್ಟಿಯಲ್ಲಿಟ್ಟುಕೊಂಡು, ಎದೆಯೆತ್ತರದ ಹುಲ್ಲಿನ ನಡುವೆ ಯಾರಿಗೂ ಕಾಣದಂತೆ ಕೂತು, ಬಾಯಿಬಿಟ್ಟು ಅತ್ತರು.